ತಕ್ಕಡಿ ಸಾರ್ ಮತ್ತು ಒಂಬತ್ತನೆಯ ಕಾರ್ಡು

ನಾಣ್ಯವನ್ನು ಅವರು ಎಂದೂ ಮುಖದ ಮೇಲೆ ಬೆರಳಿಟ್ಟು ಎತ್ತಿದವರಲ್ಲ. ಹೆಬ್ಬೆರಳು, ತೋರುಬೆರಳುಗಳಿಂದ ಅಂಚನ್ನಷ್ಟೇ ಹಿಡಿಯುತ್ತಿದ್ದರು. ಕೈ ಜಾರಿದರೂ ಪೆಟ್ಟಾಗದಿರಲಿ ಎಂದು ಕೆಳಗೆ ಮಡಿಸಿದ ಟವೆಲ್ ಹಾಸಿರುತ್ತಿತ್ತು. ಈ ಅಭ್ಯಾಸ ಎಷ್ಟು ಅಂಟಿಕೊಂಡಿತ್ತೆಂದರೆ ಕಾಫಿ ಲೋಟ, ಮದುವೆ ಫೋಟೋ, ನಮ್ಮ ಮನೆಯ ಒಬ್ಬಟ್ಟು, ಎಲ್ಲವನ್ನೂ ಅಂಚಿನಲ್ಲೇ ಹಿಡಿಯುತ್ತಿದ್ದರು. ಒಬ್ಬಟ್ಟನ್ನು ಹಾಗೆ ಹಿಡಿದರೆ ತುಪ್ಪ ಮೊಣಕೈವರೆಗೆ ಇಳಿಯುತ್ತದೆ.

"ಸಾರ್, ಅದು ಒಬ್ಬಟ್ಟು. ಗಟ್ಟಿಯಾಗಿ ಹಿಡ್ಕೊಳ್ಳಿ, ಸವೆದು ಹೋಗಲ್ಲ" ಎಂದು ನನ್ನ ಹೆಂಡತಿ ನಗುತ್ತಿದ್ದಳು.

"ಅಭ್ಯಾಸ ಕಣಮ್ಮ" ಎಂದು ಅವರು ಮೊಣಕೈ ಒರೆಸಿಕೊಳ್ಳುತ್ತಿದ್ದರು.

ಅವರು ತೀರಿಕೊಂಡು ನಾಲ್ಕು ತಿಂಗಳಾಯಿತು. ನೈರೋಬಿಯಲ್ಲಿರುವ ನಾವು ಕನ್ನಡಿಗರು ಸೇರಿ ವರ್ಷಕ್ಕೊಮ್ಮೆ ತರುವ ಸಂಚಿಕೆಗೆ ಅವರ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ಒಪ್ಪಿಕೊಂಡೆ. ಈಗ ಕೂತರೆ ಕೂರಲಾಗುತ್ತಿಲ್ಲ. ಎರಡು ಸಾಲು ಬರೆದು ಎದ್ದು ಬಾಲ್ಕನಿಗೆ ಹೋಗುತ್ತೇನೆ, ಮೊಂಬಾಸಾ ರಸ್ತೆಯ ಲಾರಿಗಳನ್ನು ನೋಡುತ್ತೇನೆ, ಬಂದು ಆ ಎರಡು ಸಾಲನ್ನೂ ಹೊಡೆದುಹಾಕುತ್ತೇನೆ. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ, ಬರೆದು ರೂಢಿಯಿಲ್ಲ. ಆದರೆ ಕೈ ತಡೆಯುತ್ತಿರುವುದು ಅದಲ್ಲ. ಅವರನ್ನು ಹೊಗಳುವವನಾಗಿದ್ದರೆ ಹೆಸರು ಹಾಕಿ ಬರೆದು ಮುಗಿಸುತ್ತಿದ್ದೆ. ನಾನು ಹೇಳಬೇಕಾಗಿರುವುದು ನನ್ನ ತಪ್ಪನ್ನು. ಅದರೊಳಗೆ ಅವರ ಹೆಸರು ಬೇಡ.

ಒಂದು ಔಷಧ ಕಾರ್ಖಾನೆಯಲ್ಲಿ ಅವರು ಪರೀಕ್ಷಾಲಯದ ಮುಖ್ಯಸ್ಥರು, ನಾನು ಸ್ಟೋರ್ಸ್ ನೋಡಿಕೊಳ್ಳುವವನು. ಅವರದು ಮೈಸೂರು, ನನ್ನದು ಮಂಡ್ಯದ ಕಡೆ. ನನ್ನನ್ನು ಅವರು ಒಂದು ದಿನವೂ ಹೆಸರಿಟ್ಟು ಕರೆಯಲಿಲ್ಲ. "ಏನ್ರೀ ಸ್ಟೋರ್ಸು" ಎನ್ನುತ್ತಿದ್ದರು. ನಾವೆಲ್ಲ ಅವರ ಬೆನ್ನ ಹಿಂದೆ ತಕ್ಕಡಿ ಸಾರ್ ಎನ್ನುತ್ತಿದ್ದೆವು. ಮಾತ್ರೆಗಳನ್ನು ಇಪ್ಪತ್ತಿಪ್ಪತ್ತಾಗಿ ತೂಗಿ, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಇಡೀ ದಿನದ ಕೆಲಸವನ್ನು ವಾಪಸು ಕಳಿಸುತ್ತಿದ್ದರು. ಮ್ಯಾನೇಜರ್ ಎಷ್ಟು ಕೂಗಾಡಿದರೂ ಅವರ ದನಿ ಏರುತ್ತಿರಲಿಲ್ಲ. "ನೋಡಿದ್ದನ್ನ ಬರ್ದಿದೀನಿ. ಅಂದ್ಕೊಂಡಿದ್ದನ್ನ ಬರೆಯೋದು ನನ್ನ ಕೆಲ್ಸ ಅಲ್ಲ" ಎನ್ನುವುದೇ ಅವರ ಉತ್ತರ.

ಒಂದು ಗಣೇಶನ ಹಬ್ಬದಲ್ಲಿ ಲಾಡು ಹಂಚುವಾಗ ಎರಡು ಕೈಯಲ್ಲಿ ಎರಡು ಲಾಡು ಹಿಡಿದು ನಿಂತರು. "ಇದು ಅದಕ್ಕಿಂತ ಐದು ಗ್ರಾಂ ಕಮ್ಮಿ" ಎಂದರು. ಹೆಂಗಸರು ಬಿಡಲಿಲ್ಲ. ಅಡುಗೆಮನೆಯ ತಕ್ಕಡಿ ತಂದು ತೂಗಿದರೆ ಅವರು ಹೇಳಿದ್ದು ಸರಿಯಾಗಿಯೇ ಇತ್ತು. "ಕಮ್ಮೀದು ನಂಗಿರ್ಲಿ, ಸಕ್ಕರೆ ಕಾಯಿಲೆ" ಎಂದು ನಕ್ಕರು.

ಪಂಗಾನಿ ಬಡಾವಣೆಯ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಅವರ ಮನೆ. ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದರು. ಒಬ್ಬಳೇ ಮಗಳು, ಇಲ್ಲೇ ಹುಟ್ಟಿ ಬೆಳೆದವಳು. ಮನೆಯ ಮುಂದಿನ ಕೋಣೆಯಲ್ಲಿ, ಬೇರೆಯವರಾದರೆ ಟಿವಿ ಇಡುವ ಜಾಗದಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಕಾರ್ಖಾನೆಯವರು ಬೇಡವೆಂದು ಬಿಸಾಕಿದ್ದ ಎರಡು ತಟ್ಟೆಯ ಹಳೆಯ ತಕ್ಕಡಿ ಇತ್ತು. ಅದರ ಪಕ್ಕದಲ್ಲಿ ಮರದ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಹನ್ನೆರಡು ಗೂಡು. ಹನ್ನೊಂದರಲ್ಲಿ ನಾಣ್ಯಗಳಿದ್ದವು. ಎರಡು ಚಿನ್ನದವು, ಒಂಬತ್ತು ಬೆಳ್ಳಿಯವು. ಎಲ್ಲವೂ ಅಮೆರಿಕ ದೇಶ ಹುಟ್ಟಿದ ಹೊಸತರಲ್ಲಿ ಅಲ್ಲಿನ ಟಂಕಸಾಲೆಯಲ್ಲಿ ಹೊಡೆದವು. ಇನ್ನೂರು ವರ್ಷ ದಾಟಿದವು.

"ಅಮೆರಿಕದ ನಾಣ್ಯಕ್ಕೆ ನೈರೋಬಿಯಲ್ಲಿ ಏನು ಕೆಲಸ ಸಾರ್?" ಎಂದು ನಾನು ಮೊದಲ ಸಲ ಕೇಳಿದಾಗ ಅವರು ಉತ್ತರ ಕೊಡಲಿಲ್ಲ, ತಿರುಗಿ ಕೇಳಿದರು.

"ಸ್ಟೋರ್ಸು, ಕೋರಾ ಬಟ್ಟೆಗೆ ಇಲ್ಲಿಯೋರು ಏನಂತಾರೆ?"

"ಮೆರಿಕಾನಿ."

"ಇಪ್ಪತ್ತು ವರ್ಷದಿಂದ ತರಿಸ್ತಾ ಇದೀರಿ. ಯಾಕೆ ಹಾಗಂತಾರೆ ಅಂತ ಒಂದಿನಾನೂ ಅನ್ನಿಸ್ಲಿಲ್ವಾ?"

ನಿಜಕ್ಕೂ ಅನ್ನಿಸಿರಲಿಲ್ಲ. ಆಮೇಲೆ ಅವರೇ ಹೇಳಿದರು. ಹಿಂದೆ ಅಮೆರಿಕದ ಹಡಗುಗಳು ಜಾಂಜಿಬಾರಿಗೆ ಬಟ್ಟೆ ತರುತ್ತಿದ್ದವಂತೆ, ದಂತ, ಲವಂಗ ತುಂಬಿಕೊಂಡು ಹೋಗುತ್ತಿದ್ದವಂತೆ. ಬಟ್ಟೆಯ ಜೊತೆ ನಾವಿಕರ ಜೇಬಿನಲ್ಲಿ ನಾಣ್ಯಗಳೂ ಬಂದವು. ಕರಾವಳಿಯ ಮನೆಗಳಲ್ಲಿ ಸಂದೂಕದ ತಳ ಸೇರಿದವು, ಅಜ್ಜಿಯರ ಕೊರಳ ಸರಕ್ಕೆ ಪದಕವಾದವು. ಇವರು ರಜೆ ಸಿಕ್ಕಾಗಲೆಲ್ಲ ರಾತ್ರಿ ಬಸ್ಸು ಹತ್ತಿ ಮೊಂಬಾಸಾಕ್ಕೋ ಲಾಮುವಿಗೋ ಹೋಗಿ ಅಂಥ ಮನೆಗಳ ಜಗಲಿಯಲ್ಲಿ ಕೂತು, ಮೂರು ಸಲ ಚಹಾ ಕುಡಿದು, ನಾಲ್ಕನೇ ಸಲಕ್ಕೆ ಮಾತು ತೆಗೆಯುತ್ತಿದ್ದರು. ಸಿಕ್ಕ ನಾಣ್ಯವನ್ನು ಗಂಟಲು ನೋವಿನ ಮಿಠಾಯಿಯ ತಗಡಿನ ಡಬ್ಬಿಯಲ್ಲಿ ಹತ್ತಿಯೊಳಗಿಟ್ಟು, ಮೇಲೆ ಮಿಠಾಯಿ ಮುಚ್ಚಿ ತರುತ್ತಿದ್ದರು. ಒಮ್ಮೆ ಮಟಾಟುವಿನ, ಅಂದರೆ ಇಲ್ಲಿಯ ಬಾಡಿಗೆ ವ್ಯಾನಿನ, ಕಂಡಕ್ಟರ್ ಡಬ್ಬಿ ನೋಡಿ ನನಗೊಂದು ಕೊಡಿ ಎಂದು ಕೈ ಚಾಚಿದನಂತೆ. ಇವರು ಧೈರ್ಯವಾಗಿ ಡಬ್ಬಿ ತೆರೆದು ಎರಡು ಕೊಟ್ಟರಂತೆ. ಅವನು "ಅಸಾಂಟೆ" ಎಂದು ಥ್ಯಾಂಕ್ಸ್ ಹೇಳಿ ಬಾಯಿಗೆ ಹಾಕಿಕೊಂಡ. ಎರಡು ಬೆರಳು ಕೆಳಗೆ ಚಿನ್ನ ಕೂತಿತ್ತು. ಈ ಕಥೆಯನ್ನು ನಾನು ಹತ್ತು ಸಲವಾದರೂ ಕೇಳಿದ್ದೇನೆ. ಪ್ರತಿ ಸಲವೂ ಎರಡೇ ಮಿಠಾಯಿ. ಅವರ ಕಥೆಗಳು ಬೆಳೆಯುತ್ತಿರಲಿಲ್ಲ.

ಪ್ರತಿ ನಾಣ್ಯಕ್ಕೂ ಒಂದು ಕಾರ್ಡು. ಅಂಗೈ ಅಗಲದ ದಪ್ಪ ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ, ಕನ್ನಡದಲ್ಲಿ. ಎಲ್ಲಿ ಸಿಕ್ಕಿತು, ಯಾರ ಮನೆಯದು, ತೂಕ ಎಷ್ಟು, ಮೈಬಣ್ಣ ಯಾವುದು. ಇಂಗ್ಲಿಷಿನಲ್ಲಿ ಬರೆದರೆ ಕ್ಯಾಟಲಾಗಿನವರ ಮಾತು ಬರುತ್ತದೆ, ತನ್ನ ಕಣ್ಣಿನ ಮಾತು ಬರುವುದಿಲ್ಲ ಎನ್ನುತ್ತಿದ್ದರು. ಲಾಮುವಿನ ಅಜ್ಜಿಯೊಬ್ಬರ ಕೊರಳಲ್ಲಿದ್ದ ಅರ್ಧ ಡಾಲರಿಗೆ ತೂತಿತ್ತು. ನ್ಗಾರಾದ ಅಕ್ಕಸಾಲಿಯೊಬ್ಬ ಅದನ್ನು ಗುರುತು ಸಿಗದಂತೆ ಮುಚ್ಚಿಕೊಡುತ್ತೇನೆ ಎಂದಾಗ ಕೈಯಿಂದ ಕಸಿದುಕೊಂಡರು. "ಆ ತೂತು ಅಜ್ಜೀದು. ನಾಣ್ಯಕ್ಕೆ ಏನೇನಾಯ್ತೋ ಅದೆಲ್ಲ ಕಾರ್ಡಲ್ಲಿ ಇರ್ಬೇಕು. ಮುಚ್ಚೋಕೆ ನಾನ್ಯಾರು?"

ಅವರಿಗೆ ಎಲ್ಲಕ್ಕಿಂತ ಪ್ರಿಯವಾದದ್ದು ಒಂಬತ್ತನೇ ಗೂಡಿನ ಬೆಳ್ಳಿ ಡಾಲರು. ಮುಂದೆ ಸಡಿಲವಾಗಿ ಬಟ್ಟೆ ಹೊದ್ದ ಹೆಣ್ಣಿನ ಮುಖ, ಹಿಂದೆ ರೆಕ್ಕೆ ಬಿಚ್ಚಿದ ಹದ್ದು. ಬೆಲೆ ಎರಡು ಮುಖದಲ್ಲೂ ಬರೆದಿಲ್ಲ, ಅಂಚಿನ ಸುತ್ತ ಕೊರೆದಿದೆ. ಹೆಣ್ಣಿನ ಕೂದಲ ಮೇಲೆ ಸಣ್ಣ ಸಾಲುಸಾಲು ಗೆರೆಗಳಿದ್ದವು. ಕಣ್ಣಿಗೆ ಮಸೂರ ಕೊಟ್ಟು ತೋರಿಸಿದರು.

"ಗೀರಲ್ಲ ಇದು, ಅರ ಹಾಕಿದ ಗೆರೆ. ಆಗ ಒಂದೊಂದು ಬಿಲ್ಲೇನೂ ತೂಗೋರು. ತೂಕ ಹೆಚ್ಚಿದ್ರೆ ಅರದಲ್ಲಿ ಒಂಚೂರು ಉಜ್ಜಿ ಸರಿ ಮಾಡಿ, ಆಮೇಲೆ ಅಚ್ಚು ಹೊಡೆಯೋರು. ಯಾರೋ ಒಬ್ಬ ನಮ್ಮಂಥೋನು. ಅವತ್ತು ಬೇಜಾರಾಗಿ ಹಾಗೇ ಬಿಟ್ಟಿದ್ರೂ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಬಿಡ್ಲಿಲ್ಲ ನೋಡಿ."

ಆ ನಾಣ್ಯದ ಬಣ್ಣವನ್ನು ಕಾರ್ಡಿನಲ್ಲಿ ಹೀಗೆ ಬರೆದಿದ್ದರು: "ಮಳೆಗೆ ಮುಂಚಿನ ಆಕಾಶದ ಬೂದು. ಅಂಚಿನಲ್ಲಿ ನವಿಲಿನ ಕತ್ತಿನ ನೀಲಿ." ಹಳೆಯ ಬೆಳ್ಳಿಗೆ ಆ ಬಣ್ಣ ಬರಲು ನೂರಾರು ವರ್ಷ ಬೇಕು, ಅದನ್ನು ತೊಳೆದವನು ನಾಣ್ಯವನ್ನು ಕೊಂದಂತೆ ಎಂದು ಹೇಳುತ್ತಲೇ ಇದ್ದರು. ನಾನು ತಲೆಯಾಡಿಸುತ್ತಿದ್ದೆ. ಮನಸ್ಸಿನೊಳಗೆ, ಕಿಲುಬಿಗೂ ಒಂದು ಮರ್ಯಾದೆಯೇ ಎಂದುಕೊಳ್ಳುತ್ತಿದ್ದೆ.

ಇಲ್ಲಿ ಮತ್ತೆ ಎದ್ದುಹೋಗಿದ್ದೆ. ಹೆಂಡತಿ ಕಾಫಿ ಕೊಟ್ಟು "ಎಲ್ಲಿವರೆಗೆ ಬಂತು?" ಎಂದಳು. ಹಬ್ಬದವರೆಗೆ ಎಂದೆ. ಅವಳು ಅಡುಗೆಮನೆಗೆ ಹೋದಳು.

ನಿವೃತ್ತರಾಗಿ ಕೆಲವು ವರ್ಷಕ್ಕೆ ಅವರಿಗೆ ಎರಡೂ ಕಣ್ಣಿಗೆ ಪೊರೆ ಬಂತು. ಮೈಸೂರಿನಲ್ಲಿ ತಂಗಿಯ ಮನೆಯಲ್ಲಿದ್ದುಕೊಂಡು ಆಪರೇಷನ್ ಮಾಡಿಸಿಕೊಳ್ಳುವುದೆಂದಾಯಿತು. ಮೂರು ತಿಂಗಳು ಮನೆ ಖಾಲಿ. ಮಗಳು ಆಗ ಕಂಪಾಲಾದಲ್ಲಿ ಕೆಲಸದಲ್ಲಿದ್ದಳು. ಪೆಟ್ಟಿಗೆಯನ್ನು ಸೌತ್ ಸಿ ಬಡಾವಣೆಯ ನಮ್ಮ ಮನೆಗೆ ತಂದಿಟ್ಟರು. ನಾಣ್ಯಗಳೆಲ್ಲ ಕಾಗದದ ಲಕೋಟೆಗಳಲ್ಲಿದ್ದವು.

"ಹದಿನೈದು ದಿನಕ್ಕೊಂದ್ಸಲ ತೇವ ಹೀರೋ ಪೊಟ್ಟಣ ಬದಲಾಯಿಸಿ. ಅಷ್ಟೇ. ಲಕೋಟೆ ತೆಗೀಬೇಡಿ."

"ತೆಗೆಯಲ್ಲ ಸಾರ್."

"ನಿಮ್ಮನ್ನ ಬಿಟ್ರೆ ಬೇರೆ ಯಾರ್ಗೂ ಕೊಡ್ತಿರ್ಲಿಲ್ಲ" ಎಂದು ಹೇಳಿ, ಮೆಟ್ಟಿಲಿಳಿಯುತ್ತಾ ಒಂದು ಸಲ ಹಿಂತಿರುಗಿ ನೋಡಿದರು.

ಆಗಸ್ಟಿನಲ್ಲಿ ವರಮಹಾಲಕ್ಷ್ಮಿ ಹಬ್ಬ ಬಂತು. ಪ್ರತಿ ವರ್ಷ ಹಬ್ಬದ ಹಿಂದಿನ ದಿನ ಬೆಳ್ಳಿ ಸಾಮಾನು ಬೆಳಗುವುದು ನನ್ನ ಕೆಲಸ. ದೀಪ, ಕುಂಕುಮದ ಬಟ್ಟಲು, ಪಂಚಪಾತ್ರೆ. ಮೊದಲು ಹುಣಸೆಹಣ್ಣು, ಆಮೇಲೆ ವಿಭೂತಿ, ಕೊನೆಗೆ ಮೆತ್ತನೆಯ ಬಟ್ಟೆ. ಅದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬವೂ ಇತ್ತು. ಹಾಗೆ ಕೂತು ಬೆಳಗುತ್ತಿರುವಾಗ ಹೆಂಡತಿ ಬಂದು ಕೇಳಿದಳು.

"ರೀ, ಅಷ್ಟೊಂದು ಚಿನ್ನ ಬೆಳ್ಳಿ ಮನೇಲಿಟ್ಕೊಂಡು ಲಕ್ಷ್ಮಿ ಮುಂದೆ ಬರೀ ನಮ್ಮ ಶಿಲ್ಲಿಂಗ್ ಇಡೋದಾ? ಒಂದು ನಾಣ್ಯ ಒಂದಿನ ಕಲಶದ ಮುಂದಿದ್ರೆ ಅವ್ರಿಗೂ ಒಳ್ಳೇದೇ. ಕಣ್ಣು ಆಪರೇಷನ್ ಬೇರೆ."

ನಾನು ಪೆಟ್ಟಿಗೆ ತೆರೆದೆ. ಒಂಬತ್ತನೇ ಲಕೋಟೆಯನ್ನೇ ತೆಗೆದೆ. ಹೆಂಡತಿ ತಿರುವಿ ನೋಡಿ ಕೈ ಮುಗಿದಳು. "ಮುಂದೆ ಹೆಣ್ಣು, ಹಿಂದೆ ಗರುಡ. ಇದು ಲಕ್ಷ್ಮೀನೇ ಕಣ್ರೀ. ಆ ಅಮೆರಿಕಾದೋರಿಗೆ ಗೊತ್ತಿಲ್ಲ ಅಷ್ಟೇ."

ಅವಳು ಹೇಳಿದ್ದು ಇಡಿ ಎಂದು. ಉಜ್ಜಿ ಎಂದಲ್ಲ. ಎಷ್ಟೋ ವರ್ಷ ನಾನು ಮನಸ್ಸಿನಲ್ಲಿ ತಪ್ಪನ್ನು ಅವಳ ತಲೆಗೆ ಕಟ್ಟಿದ್ದೆ, ಆದ್ದರಿಂದ ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ಬೆಳಗಿದ ಸಾಮಾನಿನ ಪಕ್ಕ ಇಟ್ಟಾಗ ನಾಣ್ಯ ಮಸಿ ಹಿಡಿದಂತೆ ಕಂಡಿತು. ಕಪ್ಪು ಬೆಳ್ಳಿಯನ್ನು ದೇವಿಯ ಮುಂದೆ ಇಡುವುದುಂಟೇ ಎನಿಸಿತು. ಕೈಯಲ್ಲಿ ಹುಣಸೆಹಣ್ಣು ಇದ್ದೇ ಇತ್ತು. ಅವರ ಮಾತು ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಹೊಳೆಯುವುದನ್ನು ನೋಡಿದರೆ ಅವರೇ ಖುಷಿಪಡುತ್ತಾರೆ, ತೊಳೆಯಬಾರದೆನ್ನುವುದೆಲ್ಲ ಓದಿದವರ ಹಟ ಎಂದುಕೊಂಡೆ. ಎರಡೇ ನಿಮಿಷ. ನೀಲಿಯೆಲ್ಲ ಕಪ್ಪು ನೀರಾಗಿ ಬಚ್ಚಲಿಗೆ ಹೋಯಿತು.

ಹಬ್ಬದ ದಿನ ಸಂಜೆ ಕುಂಕುಮಕ್ಕೆ ಬಂದ ಹೆಂಗಸರು ಕಲಶದ ಮುಂದಿನ ನಾಣ್ಯ ನೋಡಿ ಬೆರಗಾದರು. "ಇದ್ಯಾವ ಊರಿನ ಅಮ್ಮನೋರು?" ಎಂದು ಒಬ್ಬರು ಕೇಳಿದರೆ, ಇನ್ನೊಬ್ಬರು "ಡಾಲರ್ ಲಕ್ಷ್ಮಿ ಕಣ್ರೀ, ನಿಮ್ಮನೆಗೆ ಇನ್ನೇನು ಯೋಚನೆ" ಎಂದರು. ನಾನೂ ನಕ್ಕೆ, ನನ್ನದೇ ನಾಣ್ಯವೆಂಬಂತೆ. ಮಾರನೆಯ ದಿನ ಲಕೋಟೆಗೆ ಹಾಕುವ ಮುಂಚೆ ಕಿಟಕಿಯ ಬೆಳಕಿಗೆ ಓರೆ ಹಿಡಿದೆ. ಹೆಣ್ಣಿನ ಕೆನ್ನೆಯ ಮೇಲೆಲ್ಲ ಕೂದಲೆಳೆಯಂಥ ಗೀರುಗಳಿದ್ದವು. ವಿಭೂತಿಯಲ್ಲಿ ಮರಳಿನ ಕಣ ಇದ್ದಿರಬೇಕು. ಅವತ್ತಿನಿಂದ ನನಗೆ ನೆಮ್ಮದಿಯಿಲ್ಲ.

ಅಕ್ಟೋಬರಿನಲ್ಲಿ ಅವರು ಮರಳಿದರು. ಊರ ತುಂಬ ಜಕರಂಡಾ ಹೂಬಿಟ್ಟ ಕಾಲ. ವಿಮಾನ ನಿಲ್ದಾಣದಿಂದ ನೇರವಾಗಿ ನಮ್ಮ ಮನೆಗೇ ಬಂದರು. ಬಾಗಿಲಲ್ಲೇ ಶುರುಮಾಡಿದರು.

"ಸ್ಟೋರ್ಸು, ಆ ಮರದ ಹೂವು ನೇರಳೆ ಕಣ್ರೀ. ಇಷ್ಟ್ ವರ್ಷ ಬೂದಿ ಬಣ್ಣ ಅಂದ್ಕೊಂಡಿದ್ದೆ. ಆಕಾಶ ನೋಡಿ, ನಿಮ್ಮ ಶರ್ಟ್ ನೋಡಿ. ಇಷ್ಟು ಬೆಳ್ಳಗಿದೆಯಾ ಪ್ರಪಂಚ?"

ಅವರನ್ನು ಅಷ್ಟು ಸಂತೋಷದಲ್ಲಿ ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಟವೆಲ್ ಹಾಸಿ ಒಂದೊಂದೇ ಲಕೋಟೆ ತೆಗೆದು, ಹೊಸ ಕಣ್ಣಿನಿಂದ ಹಳೆಯ ಸ್ನೇಹಿತರನ್ನು ನೋಡುವಂತೆ ನೋಡಿದರು. ಒಂಬತ್ತನೆಯದನ್ನು ತೆಗೆದು ಅಂಚಿನಲ್ಲಿ ಹಿಡಿದರು. ಕಾರ್ಡು ಓದಿದರು, ನಾಣ್ಯ ನೋಡಿದರು, ಕಾರ್ಡು ಓದಿದರು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು.

"ಇದು ಇಷ್ಟು ಬೆಳ್ಳಗಿತ್ತೇನ್ರೀ?"

ಸತ್ಯ ಹೇಳಲು ಅಷ್ಟು ಒಳ್ಳೆಯ ಗಳಿಗೆ ಮತ್ತೆ ಬರಲಿಲ್ಲ. ನಾನು ಹೇಳಿದೆ: "ನಿಮ್ಮ ಕಣ್ಣು ಸಾರ್. ಈಗ ನಿಮಗೆ ಎಲ್ಲಾನೂ ಬೆಳ್ಳಗೆ ಕಾಣತ್ತೆ ಅಲ್ವಾ."

"ಮಿಕ್ಕಿದ್ದೆಲ್ಲ ಕಪ್ಪಾಗೇ ಇದಾವಲ್ಲ."

"ಇದು ಮೊದ್ಲಿಂದಾನೂ ಅವಕ್ಕಿಂತ ಬೆಳ್ಳಗೇ ಇತ್ತು. ನಾನು ನೋಡಿದೀನಲ್ಲ."

"ಸಣ್ಣ ಗೆರೆಗಳೂ ಕಾಣ್ತಾ ಇವೆ."

"ಮುಂಚೆನೂ ಇದ್ದಿರ್ಬೇಕು ಸಾರ್. ಈಗ ಕಾಣ್ತಾ ಇದೆ."

ಅವರು ಪೆಟ್ಟಿಗೆಯನ್ನು ಪಂಗಾನಿಗೆ ಒಯ್ದರು. ನಾನೂ ಜೊತೆಗೆ ಹೋದೆ, ಹೋಗದಿರಲು ಆಗಲಿಲ್ಲ. ತಕ್ಕಡಿಯ ಗಾಜು ಸರಿಸಿ ನಾಣ್ಯ ತೂಗಿದರು. ಮುಳ್ಳು ನಿಲ್ಲುವವರೆಗೆ ಇಬ್ಬರೂ ಉಸಿರಾಡಲಿಲ್ಲ. ಆ ಹಳೆಯ ತಕ್ಕಡಿಗೆ ಸಿಗುವಷ್ಟು ವ್ಯತ್ಯಾಸ ಹುಣಸೆಹಣ್ಣಿನಿಂದ ಆಗಿರಲಿಲ್ಲ.

"ತೂಕ ಅದೇ ಇದೆ" ಎಂದು ಅವರು ಕುರ್ಚಿಗೆ ಒರಗಿದರು. "ಹಾಗಾದ್ರೆ ನೀವು ಹೇಳಿದ್ದೇ ಸರಿ. ನನ್ನ ಕಣ್ಣೇ." ಆಮೇಲೆ ಕಾರ್ಡುಗಳ ಕಡೆ ನೋಡಿ ತಮಗೆ ತಾವೇ ಹೇಳಿಕೊಂಡರು. "ಈ ಕಾರ್ಡೆಲ್ಲ ಪೊರೆ ಬಂದ ಕಣ್ಣಿಂದ ಬರ್ದಿದ್ದು. ಎಷ್ಟು ವರ್ಷದಿಂದ ತಪ್ಪು ನೋಡ್ತಾ ಇದ್ನೋ."

ಇಷ್ಟಕ್ಕೇ ನಿಂತಿದ್ದರೆ ಒಂದು ನಾಣ್ಯ ಹೋಯಿತು ಎಂದುಕೊಳ್ಳಬಹುದಿತ್ತು. ನಿಲ್ಲಲಿಲ್ಲ. ಹಳೆಯ ಕಣ್ಣು ತಪ್ಪು ಕಂಡಿತ್ತು, ಹೊಸ ಕಣ್ಣು ಹೆಚ್ಚು ಕಾಣುತ್ತಿದೆ, ಯಾವುದನ್ನು ನಂಬುವುದು ಎಂಬಲ್ಲಿ ಅವರು ಸಿಕ್ಕಿಕೊಂಡರು. ಭಾನುವಾರ ಬೆಳಿಗ್ಗೆ ಫೋನು ಬರುತ್ತಿತ್ತು. "ಸ್ಟೋರ್ಸು, ಬಿಡುವಿದ್ರೆ ಬರ್ತೀರಾ? ನಿಮ್ಮ ಕಣ್ಣು ಬೇಕಾಗಿತ್ತು." ನಾನು ಹೋಗಿ ಟವೆಲಿನ ಮುಂದೆ ಕೂರುತ್ತಿದ್ದೆ. ಇದು ಯಾವ ಬಣ್ಣ, ಈ ಅಂಚು ಕೆಂಪೋ ಕಂದೋ ಎಂದು ಕೇಳುತ್ತಿದ್ದರು. ನಾನು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು. ಮ್ಯಾನೇಜರಿಗೂ ಬಗ್ಗದ ಮನುಷ್ಯ ನಾನು ಕೆಂಪೆಂದರೆ ಕೆಂಪೆಂದು ಬರೆಯುತ್ತಿದ್ದರು. ಬರುವಾಗ ಮಟಾಟುವಿನಲ್ಲಿ ಕೂತು, ಬರುವ ವಾರ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಎಷ್ಟೋ ವಾರಗಳು ಹೋದವು.

ಒಂದು ಭಾನುವಾರ ನಾನಿರುವಾಗಲೇ ಮೊಂಬಾಸಾದ ಮುದುಕರೊಬ್ಬರು ಬಂದರು. ಇವರ ಹಳೆಯ ಪರಿಚಯ. ಮಡಿಸಿದ ಕರವಸ್ತ್ರದಿಂದ ಒಂದು ನಾಣ್ಯ ತೆಗೆದಿಟ್ಟರು. ಕೂದಲು ಬಿಚ್ಚಿಕೊಂಡ ಹೆಣ್ಣಿನ ಅರ್ಧ ಡಾಲರು. ಅದನ್ನು ಎರಡೇ ವರ್ಷ ಹೊಡೆದಿದ್ದರಂತೆ. ಪೆಟ್ಟಿಗೆಯ ಹನ್ನೆರಡನೇ ಗೂಡು ಅದಕ್ಕಾಗಿಯೇ ಮೂವತ್ತು ವರ್ಷದಿಂದ ಖಾಲಿ ಇತ್ತು. ಇವರು ಟವೆಲ್ ಹಾಸಿದರು. ತೂಗಿದರು. ಬೆರಳ ತುದಿಯಲ್ಲಿಟ್ಟು ಮೆಲ್ಲಗೆ ತಟ್ಟಿ ಕಿವಿಗೊಟ್ಟರು. ಮಸೂರದಲ್ಲಿ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ಸರಿಸಿದರು.

"ತೂಕ ಸರಿಯಿದೆ. ತೂಕ ಸರಿಯಿರೋ ನಕಲಿಗಳೂ ಇರ್ತಾವೆ. ಮೈ ನೋಡಿ ಹೇಳ್ಬೇಕು. ನಿಮಗೇನು ಕಾಣತ್ತೆ?"

"ನಂಗೆ ಇದೆಲ್ಲ ತಿಳಿಯಲ್ಲ ಸಾರ್. ನಿಮಗೆ ಏನನ್ನಿಸತ್ತೆ?"

"ಅಸಲಿ ಅನ್ನಿಸತ್ತೆ" ಎಂದರು. "ಆದ್ರೆ ಅನ್ನಿಸೋದು ನನ್ನ ಕಣ್ಣಿಗೆ. ಆ ಕಣ್ಣು ಸಾಕ್ಷಿ ಹೇಳೋ ಸ್ಥಿತೀಲಿಲ್ಲ."

ಆಗ ನಾನು ಬಾಯಿ ತೆರೆದೆ. "ಸಾರ್, ಆ ಒಂಬತ್ತನೇದು" ಎಂದೆ. ಅವರು ತಿರುಗಿ ನೋಡಿದರು. ಮೊಂಬಾಸಾದವರೂ ನೋಡಿದರು. ಹೊರಗಿನವರ ಮುಂದೆ ಹೇಗೆ ಹೇಳುವುದು ಎಂದು ನನಗೆ ನಾನೇ ನೆವ ಕೊಟ್ಟುಕೊಂಡೆ. "ಏನಿಲ್ಲ, ಅದರ ಪಕ್ಕದಲ್ಲಿಟ್ಟು ನೋಡಿ ಅಂದೆ" ಎಂದೆ. ನೋಡಿದರು. ಇನ್ನೂ ಗೊಂದಲಕ್ಕೆ ಬಿದ್ದರು. ನಾಣ್ಯವನ್ನು ಅದೇ ಕರವಸ್ತ್ರದಲ್ಲಿ ಅಂಚು ಹಿಡಿದು ಇಟ್ಟು ಮಡಿಸಿ ವಾಪಸು ಕೊಟ್ಟರು. ಆ ಮುದುಕರು "ಪೋಲೆ" ಎಂದು ಸಮಾಧಾನ ಹೇಳಿ ಇವರ ಭುಜ ಮುಟ್ಟಿ ಹೋದರು. ಗೂಡು ಖಾಲಿಯೇ ಉಳಿಯಿತು.

ಆಮೇಲೆ ಅವರು ಹೊಸ ನಾಣ್ಯ ನೋಡಲು ಹೋಗಲಿಲ್ಲ. ಎದೆಯ ತೊಂದರೆ ಬಂತು. ಆಸ್ಪತ್ರೆಯಲ್ಲಿ ನಾನು ಕೊನೆಯ ಸಲ ನೋಡಿದಾಗ ಗೋಡೆಯ ಕಡೆ ಕೈ ತೋರಿಸಿ "ಇದು ಹಸಿರಾ?" ಎಂದು ಕೇಳಿದರು. ಹಸಿರೇ ಇತ್ತು. ಹೌದು ಎಂದೆ. "ಅಲ್ವಾ" ಎಂದು ಸಮಾಧಾನಪಟ್ಟುಕೊಂಡರು.

ಅವರಿಗೆ ಒಳಗೊಳಗೇ ಗೊತ್ತಿತ್ತೇನೋ, ನನ್ನ ಬಾಯಿಂದ ಬರಲಿ ಎಂದು ಕಾದರೇನೋ ಎಂದು ಆಗಾಗ ಅನಿಸುತ್ತದೆ. ಹಾಗೆ ಅಂದುಕೊಂಡರೆ ನನಗೆ ಹಗುರವಾಗುತ್ತದೆ. ಅದಕ್ಕೇ ಅಂದುಕೊಳ್ಳುವುದಿಲ್ಲ.

ಹೋದ ತಿಂಗಳು ಮಗಳು ಫೋನು ಮಾಡಿದಳು. ಅವಳೀಗ ನೈರೋಬಿಯಲ್ಲೇ, ಕಿಲಿಮಾನಿಯಲ್ಲಿದ್ದಾಳೆ. ಪಂಗಾನಿಯ ಮನೆ ಖಾಲಿ ಮಾಡುತ್ತಿದ್ದಳು. ನಾಣ್ಯಗಳೂ ಕಾರ್ಡುಗಳೂ ಬೇರೆಯಾಗಬಾರದು, ಬಂದ ಕರಾವಳಿಗೇ ಹೋಗಬೇಕು ಎಂದು ಅಪ್ಪ ಹೇಳಿದ್ದರಂತೆ. ಅಲ್ಲಿಯ ಒಂದು ಸಣ್ಣ ಮ್ಯೂಸಿಯಂ ಒಪ್ಪಿಕೊಂಡಿತ್ತು. ಗಾಜಿನೊಳಗೆ ನಾಣ್ಯ, ಪಕ್ಕದಲ್ಲಿ ಅಪ್ಪನ ಕಾರ್ಡು, ಕೆಳಗೆ ಅದರ ಇಂಗ್ಲಿಷು. "ಐ ಕಾಂಟ್ ರೀಡ್ ಕನ್ನಡ ಅಂಕಲ್. ನೀವು ಓದ್ತೀರಾ? ನಾನು ಟೈಪ್ ಮಾಡ್ತೀನಿ."

ಹೋದೆ. ಕೋಣೆಯ ತುಂಬ ರಟ್ಟಿನ ಡಬ್ಬಗಳು. ತಕ್ಕಡಿಗೆ ಬಟ್ಟೆ ಹೊದಿಸಿದ್ದರು. ಅವಳು ಲ್ಯಾಪ್‌ಟಾಪ್ ಇಟ್ಟುಕೊಂಡು ನೆಲದ ಮೇಲೆ ಕೂತಳು. ನಾನು ಒಂದೊಂದೇ ಕಾರ್ಡು ಓದಿದೆ. ಅಜ್ಜಿಯ ತೂತಿನ ಕಾರ್ಡಿಗೆ ಅವಳು ನಕ್ಕು ಕಣ್ಣೊರೆಸಿಕೊಂಡಳು. ಒಂಬತ್ತನೆಯದು ಬಂತು. ಮಳೆಗೆ ಮುಂಚಿನ ಆಕಾಶ, ನವಿಲಿನ ಕತ್ತು. ಅದರ ಕೆಳಗೆ, ಬೇರೆ ಶಾಯಿಯಲ್ಲಿ, ನಾನು ಎಂದೂ ನೋಡಿರದ ಒಂದು ಸಾಲಿತ್ತು:

"ಆಪರೇಷನ್ ಆದಮೇಲೆ ನನಗೆ ಬೆಳ್ಳಗೆ ಕಾಣುತ್ತಿದೆ. ನನ್ನ ಕಣ್ಣು ನಂಬುವಂತಿಲ್ಲ. ಸ್ಟೋರ್ಸ್‌ನವರು ನೋಡಿ ಹೇಳಿದ್ದು: ಮೊದಲಿನಂತೆಯೇ ಇದೆ."

ನನ್ನ ಸುಳ್ಳನ್ನು ಅವರು ತಮ್ಮ ಚೆಂದದ ಅಕ್ಷರದಲ್ಲಿ ಸಾಕ್ಷಿಯೆಂದು ಬರೆದಿಟ್ಟಿದ್ದರು.

"ಸ್ಟ್ರೇಂಜ್. ಗ್ರೇ ಬ್ಲೂ ಅಂತ ಬರ್ದಿದಾರೆ, ಬಟ್ ಇಟ್ಸ್ ಸೋ ಬ್ರೈಟ್" ಎಂದಳು ಅವಳು ನಾಣ್ಯ ನೋಡುತ್ತಾ. "ಪೂರ್ ಅಪ್ಪ. ಕಣ್ಣು ಹೋಗಿತ್ತು ಅನ್ಸತ್ತೆ. ಇನ್ನೊಂದು ಲೈನ್ ಇದೆಯಲ್ಲ ಅಂಕಲ್, ಕೆಳಗೆ?"

"ಅದೇನಿಲ್ಲಮ್ಮ. ಮತ್ತೆ ತೂಗಿದಾರೆ, ತೂಕ ಅಷ್ಟೇ."

ಅವಳಿಗೆ ಓದಲು ಬರುವುದಿಲ್ಲ. ನನ್ನನ್ನು ಬಿಟ್ಟರೆ ಆ ಮನೆಯಲ್ಲಿ ಓದುವವರಿರಲಿಲ್ಲ. ಹತ್ತನೆಯದು, ಹನ್ನೊಂದನೆಯದು ಓದಿ ಮುಗಿಸಿದೆ. ಅವಳು ಚಹಾ ಎಂದಳು, ಬೇಡವೆಂದು ಮೆಟ್ಟಿಲಿಳಿದೆ. ಥಿಕಾ ರಸ್ತೆಯ ಬದಿಯಲ್ಲಿ ಮಟಾಟು ನಿಂತಿತ್ತು. ಒಂದು ಕಾಲು ಮೆಟ್ಟಿಲ ಮೇಲಿಟ್ಟೆ. "ಇಂಗಿಯಾ, ಮ್ಜೇ, ಹತ್ತಿ ಅಜ್ಜಾ ಹತ್ತಿ" ಎಂದು ಕಂಡಕ್ಟರ್ ಬೆನ್ನಿಗೆ ಕೈ ಹಾಕಿದ. ನನಗೆ ಇಪ್ಪತ್ತು ವರ್ಷ ಹಿಂದಿನ ಮಿಠಾಯಿ ಡಬ್ಬಿ ನೆನಪಾಯಿತು. ಎರಡೇ ಮಿಠಾಯಿ. ಪ್ರತಿ ಸಲವೂ ಎರಡೇ. ಕಾಲು ಕೆಳಗಿಳಿಸಿದೆ. ಮೂರು ಮಹಡಿ ಹತ್ತುವುದರಲ್ಲಿ ಎರಡು ಸಲ ಗೋಡೆ ಹಿಡಿದು ನಿಂತೆ.

ಅವಳು ಬಾಗಿಲು ತೆಗೆದಾಗ ಕೂರಲೂ ಇಲ್ಲ. ನಿಂತೇ ಹೇಳಿದೆ. ಹುಣಸೆಹಣ್ಣು, ವಿಭೂತಿ, ಗರುಡ, ಡಾಲರ್ ಲಕ್ಷ್ಮಿ, ಅವರು ಕೇಳಿದ್ದು, ನಾನು ಹೇಳಿದ್ದು, ಕರವಸ್ತ್ರದ ನಾಣ್ಯ, ಈಗಷ್ಟೇ ಓದದೆ ಬಿಟ್ಟ ಸಾಲು. ಬೈಯುತ್ತಾಳೆ ಎಂದುಕೊಂಡಿದ್ದೆ.

"ಅಪ್ಪ ಡ್ರೈವ್ ಮಾಡೋದು ಬಿಟ್ರು, ಯು ನೋ" ಎಂದಳು. "ಸಿಗ್ನಲ್ ಕಲರ್ ಮೇಲೆ ನಂಬಿಕೆ ಇಲ್ಲ ಅಂದ್ರು. ಮಾತ್ರೆ ತಗೊಳೋಕ್ ಮುಂಚೆ ನಂಗೆ ಫೋಟೋ ಕಳಿಸೋರು, ಇದು ಪಿಂಕ್ ತಾನೇ ಅಂತ. ಡಾಕ್ಟರ್ ಸೆಡ್ ಹಿಸ್ ಐಸ್ ವರ್ ಪರ್ಫೆಕ್ಟ್. ಅಪ್ಪ ಒಪ್ಲೇ ಇಲ್ಲ."

ಕಾರು ಬಿಟ್ಟದ್ದು ನೈರೋಬಿಯ ಟ್ರಾಫಿಕ್ಕಿಗೆ ಬೇಸತ್ತು ಎಂದು ನಾನು ತಿಳಿದಿದ್ದೆ. ಕ್ಷಮಿಸು ಎನ್ನಲು ಬಾಯಿ ಬರಲಿಲ್ಲ. ಕ್ಷಮಿಸಬೇಕಾದವರು ಅವಳಲ್ಲ.

ಅವಳು ಒಂಬತ್ತನೇ ಕಾರ್ಡು ತಂದು ನನ್ನ ಮುಂದಿಟ್ಟಳು. ಅಪ್ಪನ ಪೆನ್ನನ್ನೂ ತಂದಳು.

"ನಾಣ್ಯಕ್ಕೆ ಏನಾಯ್ತೋ ಎಲ್ಲ ಬರೀಬೇಕು ಅಂತಿದ್ರಲ್ಲ. ದೇರ್ ಈಸ್ ಸ್ಪೇಸ್, ಅಂಕಲ್."

ಜಾಗ ಕಡಿಮೆಯಿತ್ತು. ಕಾರ್ಡನ್ನು ಅಂಚಿನಲ್ಲಿ ಹಿಡಿದೆ. ಅವರ ದುಂಡು ಅಕ್ಷರದ ಕೆಳಗೆ ನನ್ನ ಸೊಟ್ಟ ಅಕ್ಷರದಲ್ಲಿ ಬರೆದೆ. ಮುಗಿಸಿ ಪೆನ್ನು ಇಟ್ಟಾಗ ಅವಳು ಲ್ಯಾಪ್‌ಟಾಪ್ ತೊಡೆಯ ಮೇಲೆ ಎಳೆದುಕೊಂಡಳು.

"ಓದಿ ಅಂಕಲ್. ಎರಡೂ ಲೈನ್."

ಮೊದಲು ಅವರದನ್ನು ಓದಿದೆ. ಆಮೇಲೆ ನನ್ನದನ್ನು:

"ವರಮಹಾಲಕ್ಷ್ಮಿ ಹಬ್ಬಕ್ಕೆ ಇದನ್ನು ಹುಣಸೆಹಣ್ಣು, ವಿಭೂತಿ ಹಾಕಿ ಉಜ್ಜಿದವನು ನಾನು. ಸುಳ್ಳು ಹೇಳಿದವನೂ ನಾನೇ. ಸಾರ್ ಕಣ್ಣು ಸರಿಯಾಗಿತ್ತು. ಸ್ಟೋರ್ಸ್."

ಈ ಸಲ ಒಂದಕ್ಷರವನ್ನೂ ಬಿಡಲಿಲ್ಲ.